ಮೂರು ಕೆಲಸ ಬಿಟ್ಟಾಯ್ತು, ನಾಲ್ಕನೆಯದಕ್ಕೆ ಮುಂಚೆ

ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯ 27 ವರ್ಷದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಕೆಮಿಸ್ಟ್ರಿ ಇರುವ ಬಿ.ಎಸ್ಸಿ. ಮುಗಿಸಿ ಹೈದರಾಬಾದಿನ ಕಾಲ್ ಸೆಂಟರಿನಲ್ಲಿ ಒಂದು ವರ್ಷ, ಕಲಬುರಗಿಯಲ್ಲಿ ಮೆಡಿಕಲ್ ರೆಪ್ (ಔಷಧ ಕಂಪನಿಯ ಮಾರಾಟ ಪ್ರತಿನಿಧಿ) ಆಗಿ ಹದಿನಾಲ್ಕು ತಿಂಗಳು, ಆಮೇಲೆ ಅಲ್ಲೇ ರೂಮು ಹಿಡಿದು ಪಿಎಸ್‌ಐ, ಕೆಪಿಎಸ್‌ಸಿ ಪರೀಕ್ಷೆಗಳ ಓದು. ಈಗ ಸೋದರಮಾವ ತಮ್ಮ ದಾಲ್ ಮಿಲ್ಲಿಗೆ ಮೂರು ಲಕ್ಷ ಹಾಕಿ ಪಾಲುದಾರನಾಗು ಅನ್ನುತ್ತಿದ್ದಾರೆ. ಕೈಯಲ್ಲಿರುವುದು 60 ಸಾವಿರ, ತಿಂಗಳ ಖರ್ಚು ಏಳೂವರೆ ಸಾವಿರ. "ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತ ಕಾಕಾ ದಿನಾ ಚುಚ್ಚತಾರ್ರೀ. ಇನ್ನ ಎಷ್ಟು ಕೆಲಸಾ ಮಾಡಿ ನೋಡಬೇಕು ನಾ?" ಎಂಬುದು ಅವರ ಪ್ರಶ್ನೆ.

ಪರೀಕ್ಷೆಯ ಓದನ್ನೂ ಸೇರಿಸಿ ಮೂರು ಕೆಲಸ ನೋಡಿದ್ದು ತಪ್ಪಲ್ಲ. ಆದರೆ ಮೂರನ್ನೂ ಬಿಟ್ಟ ಕಾರಣಕ್ಕೆ ನಿಮ್ಮ ಪತ್ರದಲ್ಲಿ ಇರುವುದು ಒಂದೇ ಮಾತು: "ಸೆಟ್ ಆಗಲಿಲ್ಲ." ಯಾವುದು ಸೆಟ್ ಆಗಲಿಲ್ಲ? ಮಾಡುವ ಕೆಲಸವೋ, ಮೇಲಿನವರೋ, ಸಂಬಳವೋ, ಊರೋ? ರೆಪ್ ಕೆಲಸವನ್ನೇ ತೆಗೆದುಕೊಳ್ಳಿ. ದಿನಕ್ಕೆ ಹತ್ತು ಹನ್ನೆರಡು ಡಾಕ್ಟರು, ನಾಲ್ಕೈದು ಮೆಡಿಕಲ್ ಶಾಪು, ರಾತ್ರಿ ಆ ಭೇಟಿಗಳ ಕಾಲ್ ರಿಪೋರ್ಟು, ತಿಂಗಳ ಕೊನೆಗೆ ಟಾರ್ಗೆಟ್ಟು. ಡಾಕ್ಟರ ಬಾಗಿಲಲ್ಲಿ ಕಾಯುವುದು, ಹೊಸಬರ ಹತ್ತಿರ ಮಾತು ತೆಗೆಯುವುದು ನಿಮಗೆ ಹಿಂಸೆಯಾಗಿದ್ದರೆ ಮಾರಾಟದ ಯಾವ ಕೆಲಸವೂ ಹಿಡಿಸುವುದಿಲ್ಲ. ಹಿಂಸೆಯಾದದ್ದು ಸ್ಟಾಕಿಸ್ಟ್ (ಸಗಟು ಔಷಧ ವ್ಯಾಪಾರಿ) ಹತ್ತಿರ ಬಲವಂತವಾಗಿ ಮಾಲು ಇಳಿಸಲು ಹೇಳಿದ ಮ್ಯಾನೇಜರನಿಂದಾದರೆ, ಬಿಡಬೇಕಾಗಿದ್ದು ಆ ಕಂಪನಿಯನ್ನು, ಆ ಕಸುಬನ್ನಲ್ಲ. ಇವೆರಡನ್ನು ಬೇರೆ ಮಾಡದೆ ಬಿಟ್ಟರೆ ಹದಿನಾಲ್ಕು ತಿಂಗಳು ಹೋದವು, ಕಲಿತದ್ದು ಕೈಗೆ ಬರಲಿಲ್ಲ.

ಇವತ್ತೇ ಒಂದು ಹಾಳೆ ತೆಗೆದುಕೊಂಡು ಮೂರೂ ಕೆಲಸದ ಒಂದೊಂದು ಮಾಮೂಲಿ ದಿನವನ್ನು ಗಂಟೆ ಗಂಟೆಯಾಗಿ ಬರೆಯಿರಿ. ಹೊತ್ತು ಹೋದದ್ದೇ ಗೊತ್ತಾಗದ ಗಂಟೆಗೆ ಒಂದು ಗುರುತು, ಗಡಿಯಾರ ನೋಡುತ್ತ ಕೂತ ಗಂಟೆಗೆ ಇನ್ನೊಂದು. ಮೂರರಲ್ಲೂ ಮರುಕಳಿಸುವ ಗುರುತುಗಳೇ ನಿಮಗೆ ಬೇಕಾದದ್ದು. ಹುದ್ದೆಯ ಹೆಸರಿಗೆ ಮರುಳಾಗಬೇಡಿ.

ಇನ್ನು ಮಿಲ್ಲಿನ ಮಾತು. ಮೂರು ಲಕ್ಷ ಈಗ ಬೇಡ. ಮಾವನ ಮೇಲಿನ ಅಪನಂಬಿಕೆಯಿಂದ ಹೇಳುತ್ತಿಲ್ಲ. ಸುಗ್ಗಿಯಲ್ಲಿ ಮಿಲ್ಲು ಹೇಗಿರುತ್ತದೆಂದು ನೀವಿನ್ನೂ ನೋಡಿಲ್ಲ. ತೊಗರಿ ರಾಶಿಯಾಗುವುದು ಡಿಸೆಂಬರ್, ಜನವರಿಯಲ್ಲಿ. ಗಂಜ್‌ಗೆ, ಅಂದರೆ ಎಪಿಎಂಸಿ ಮಾರುಕಟ್ಟೆಗೆ, ಆವಕ ಜೋರಾಗುವುದು ಆಗಲೇ. ಮಳೆಗಾಲದಲ್ಲಿ ಮಿಲ್ಲಿಗೆ ಹೋಗಿ ನೋಡಿದವರಿಗೆ ಅದು ಆರಾಮದ ಧಂದೆ ಅನಿಸುತ್ತದೆ. ಜನವರಿಯಿಂದ ಮಾರ್ಚ್ ತನಕ ಸಂಬಳಕ್ಕೆ ನಿಲ್ಲುತ್ತೇನೆ ಎಂದು ಮಾವನಿಗೆ ಹೇಳಿ. ಗಲ್ಲಾಪೆಟ್ಟಿಗೆ ಮುಂದೆ ಕೂಡಬೇಡಿ, ಖರೀದಿಯವರ ಜೊತೆ ತಿರುಗಿ. ದುಡ್ಡು ಹೋಗುವುದೂ ಉಳಿಯುವುದೂ ಅಲ್ಲೇ. ಶೇ 14 ತೇವ ಇರುವ ತೊಗರಿ ನೂರು ಕ್ವಿಂಟಲ್ ಕೊಂಡು ಶೇ 10ಕ್ಕೆ ಒಣಗಿಸಿದರೆ ತೂಕದಲ್ಲೇ ಸುಮಾರು ನಾಲ್ಕೂವರೆ ಕ್ವಿಂಟಲ್ ಮಾಯ. ಒಣಗಿಸದೆ ಹಾಗೇ ಹಾಕಿದರೆ ಸಿಪ್ಪೆ ಬಿಡುವುದಿಲ್ಲ, ಎರಡನೇ ಸಲ ಯಂತ್ರಕ್ಕೆ ಹಾಕಬೇಕು, ನುಚ್ಚು ಹೆಚ್ಚುತ್ತದೆ. ಕೈಯಲ್ಲಿ ಕಾಳು ಹಿಡಿದು, ಹಲ್ಲಲ್ಲಿ ಕಡಿದು ತೇವ ಹೇಳುವ ಹಳಬರು ಇರುತ್ತಾರೆ. ಅವರ ಅಂದಾಜನ್ನು ತೇವ ಅಳೆಯುವ ಮೀಟರಿನ ಜೊತೆ ಹೋಲಿಸಿ ನೋಡಿ.

ಫೆಬ್ರವರಿಯಲ್ಲಿ ನಿಮ್ಮದೇ ದುಡ್ಡಿನ ಸಣ್ಣ ಪ್ರಯೋಗ ಒಂದಿರಲಿ. ಎರಡು ಕ್ವಿಂಟಲ್ ತೊಗರಿ ಕೊಂಡು, ಕೂಲಿ ಕೊಟ್ಟು ಬೇಳೆ ಮಾಡಿಸಿ. ಕ್ವಿಂಟಲಿಗೆ ಸಾಮಾನ್ಯವಾಗಿ 70ರಿಂದ 75 ಕಿಲೊ ಬೇಳೆ ಬರುತ್ತದೆ. ಉಳಿದದ್ದು ನುಚ್ಚು, ಹೊಟ್ಟು, ಅದೂ ದನದ ಮೇವಿಗೆ ಮಾರಾಟವಾಗುತ್ತದೆ. ಆ ಬೇಳೆಯನ್ನು ನಾಲ್ಕಾರು ಕಿರಾಣಿ ಅಂಗಡಿಗೆ ಹಾಕಿ. ನೋಡಬೇಕಾದದ್ದು ಲಾಭ ಎಷ್ಟು ಅಂತ ಅಲ್ಲ, ಹಾಕಿದ ದುಡ್ಡು ಎಷ್ಟು ದಿನಕ್ಕೆ ವಾಪಸ್ ಬಂತು ಅಂತ. ತೊಗರಿ ಕೊಟ್ಟವರಿಗೆ ರೊಕ್ಕ ಬೇಗ ಕೊಡಬೇಕು, ಬೇಳೆ ಒಯ್ದವರು ಉದ್ರಿ ಹೇಳುತ್ತಾರೆ. ಮಧ್ಯದ ಆ ಅಂತರದಲ್ಲೇ ಹೊಸಬರು ಮುಳುಗುವುದು. ಅಂಗಡಿಯವರನ್ನು ಮೂರು ಸಲ ಕೇಳಲು ನಿಮಗೆ ಸಂಕೋಚವಾದರೆ ಪಾಲುದಾರಿಕೆ ಬೇಡ. ಕೇಳಿ ತರಬಲ್ಲಿರಾದರೆ ಏಪ್ರಿಲಿನಲ್ಲಿ ಮಾವನ ಜೊತೆ ಕೂತು ಮೂರು ಲಕ್ಷದ ಮಾತಾಡಿ. ಲಾಭ ನಷ್ಟದ ಪಾಲು ಎಷ್ಟು, ಹೊರಗೆ ಬರುವುದಾದರೆ ದುಡ್ಡು ಯಾವಾಗ ವಾಪಸ್ಸು ಎಂಬುದೆಲ್ಲ ಪಾಲುದಾರಿಕೆ ಪತ್ರದಲ್ಲಿ ಬರೆಸಿ. ಸಂಬಂಧಿಕರ ನಡುವೆ ಇದು ಇನ್ನೂ ಹೆಚ್ಚು ಬೇಕು.

ಕೈಯಲ್ಲಿರುವ 60 ಸಾವಿರ ಎಂಟು ತಿಂಗಳ ಖರ್ಚು. ಅದರಲ್ಲಿ ಮೂರು ತಿಂಗಳದ್ದು, ಅಂದರೆ ಇಪ್ಪತ್ತೆರಡೂವರೆ ಸಾವಿರ, ಬೇರೆ ಖಾತೆಗೆ ಹಾಕಿ ಮರೆತುಬಿಡಿ. ಅದು ಕೆಲಸ ಹುಡುಕುವ ಕಾಲಕ್ಕೆ. ಖಾಲಿ ಜೇಬಿನಲ್ಲಿ ಹುಡುಕುವವರು ಮೊದಲು ಸಿಕ್ಕಿದ್ದಕ್ಕೆ ಹೂಂ ಅನ್ನುತ್ತಾರೆ. ನಿಮ್ಮ ಕಾಲ್ ಸೆಂಟರ್ ಕಥೆ ಬಹುಶಃ ಅದೇ.

ನಿಮ್ಮ ಡಿಗ್ರಿಯನ್ನು ನೀವು ಒಮ್ಮೆಯೂ ಬಳಸಿಲ್ಲ, ಅದು ನಮಗೆ ಆಶ್ಚರ್ಯ. ನಿಮ್ಮದೇ ಜಿಲ್ಲೆಯ ಕಡೇಚೂರು–ಬಾಡಿಯಾಳ, ಬೀದರಿನ ಕೊಳಾರ ಕೈಗಾರಿಕಾ ಪ್ರದೇಶಗಳಲ್ಲಿ ಔಷಧ, ರಾಸಾಯನಿಕ ಕಾರ್ಖಾನೆಗಳಿವೆ. ಉತ್ಪಾದನೆ ಅಂದರೆ ಪಾಳಿ, ವಾಸನೆ, ಬಿಸಿ. ಕ್ಯೂಸಿ ಲ್ಯಾಬ್ (ಗುಣಮಟ್ಟ ಪರೀಕ್ಷಿಸುವ ಪ್ರಯೋಗಾಲಯ) ಅಂದರೆ ಒಂದೇ ಪರೀಕ್ಷೆ ಮತ್ತೆ ಮತ್ತೆ, ಅದಕ್ಕಿಂತ ಹೆಚ್ಚು ಬರವಣಿಗೆ; ಅಂಕಿ ತಪ್ಪಾದರೆ ಅಳಿಸುವಂತಿಲ್ಲ, ಒಂದೇ ಗೆರೆ ಎಳೆದು ಸಹಿ, ತಾರೀಖು ಹಾಕಬೇಕು. ಇದು ಕೆಲವರಿಗೆ ಜೈಲು, ಕೆಲವರಿಗೆ ನೆಮ್ಮದಿ. ಸೇರುವ ಮೊದಲು ಅಲ್ಲಿ ಎರಡು ವರ್ಷ ಕಳೆದ ಒಬ್ಬರನ್ನು, ಎಂಟು ವರ್ಷ ಕಳೆದ ಒಬ್ಬರನ್ನು ಮಾತಾಡಿಸಿ. "ಕೆಲಸ ಹೇಗಿದೆ" ಎಂದು ಕೇಳಿದರೆ ಚೆನ್ನಾಗಿದೆ ಅನ್ನುತ್ತಾರೆ. "ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದಿರಿ" ಎಂದು ಕೇಳಿ.

ಪರೀಕ್ಷೆಯ ಓದನ್ನು ಪೂರ್ತಿ ಬಿಡಿ ಎನ್ನುವುದಿಲ್ಲ, ಅದೊಂದನ್ನೇ ಹಿಡಿದು ಕೂಡಬೇಡಿ. ಉಳಿದ ಕೆಲಸಗಳು ನಿಮಗೆ ಹಿಡಿಸುತ್ತವೋ ಇಲ್ಲವೋ ಎಂಬುದನ್ನು ಬೇಗ ಒದ್ದು ಹೇಳುತ್ತವೆ. ಓದು ಮಾತ್ರ ವರ್ಷಗಟ್ಟಲೆ ಸುಮ್ಮನಿರುತ್ತದೆ. ಅದಕ್ಕೇ ಹದಿನೈದು ದಿನಕ್ಕೊಮ್ಮೆ ಹಳೆಯ ಪ್ರಶ್ನೆಪತ್ರಿಕೆಯನ್ನು ಸಮಯ ಇಟ್ಟುಕೊಂಡು ಬಿಡಿಸಿ ಅಂಕ ಬರೆದಿಡಿ. ಮೂರು ತಿಂಗಳಾದರೂ ಅಂಕ ಅಲ್ಲೇ ಇದ್ದರೆ ಓದುವ ರೀತಿ ಬದಲಿಸಬೇಕು; ಮುಂದಿನ ಎರಡು ಅಧಿಸೂಚನೆಗಳಲ್ಲೂ ಕಟ್‌ಆಫ್ ಹತ್ತಿರ ಬರದಿದ್ದರೆ ನಿಲ್ಲಿಸಬೇಕು. ಈ ಮಿತಿಯನ್ನು ಮನೆಯವರ ಮುಂದೆ ತಾರೀಖು ಸಮೇತ ಈಗಲೇ ಹೇಳಿಬಿಟ್ಟರೆ ಕಾಕಾನ ಬಾಯಿಯೂ ಸ್ವಲ್ಪ ದಿನ ಸುಮ್ಮನಾದೀತು.

ಕಾಗದಪತ್ರದ ಬಗ್ಗೆ ಎರಡು ಮಾತು. ಹಳೆಯ ಕಂಪನಿಗಳ ಪಿ.ಎಫ್. ಕಿತ್ತು ತಿನ್ನಬೇಡಿ, ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿ.ಎಫ್. ಸಂಖ್ಯೆ) ಒಂದೇ ಇರಲಿ, ಹೊಸ ಕೆಲಸಕ್ಕೆ ವರ್ಗಾಯಿಸಿ. ಸತತ ಐದು ವರ್ಷದ ಸೇವೆಗೆ ಮುಂಚೆ ತೆಗೆದರೆ ಆ ಹಣ ತೆರಿಗೆಗೆ ಒಳಪಡುತ್ತದೆ, ವರ್ಗಾಯಿಸಿದರೆ ಹಳೆಯ ಸೇವೆಯೂ ಲೆಕ್ಕಕ್ಕೆ ಬರುತ್ತದೆ. ಮೂಲ ಅಂಕಪಟ್ಟಿ ಯಾರ ಕೈಯಲ್ಲೂ ಇಡಬೇಡಿ. ಇನ್ನು ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರ: ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ನಮ್ಮವರಿಗೇ ಮೀಸಲು, ಆದರೆ ಸಹಾಯಕ ಆಯುಕ್ತರು ಕೊಡುವ ಈ ಕಾಗದ ಇಲ್ಲದೆ ನೀವು ಆ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲ. ಇನ್ನೂ ಮಾಡಿಸಿಲ್ಲವಾದರೆ ಅಧಿಸೂಚನೆ ಬರಲಿ ಎಂದು ಕಾಯಬೇಡಿ, ಈ ವಾರವೇ ಅರ್ಜಿ ಹಾಕಿ.