ಮೆಟ್ಟಿಲ ಮೇಲಿದ್ದ ಇಬ್ಬರು ಎಲ್ಲಿ ಹೋದರು?

ಹಳೆಯ ಫೋಟೊಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಕಲಬುರಗಿಯ ಸ್ಟುಡಿಯೊಗಳಲ್ಲಿ 38 ವರ್ಷ ಟಚಿಂಗ್ ಮತ್ತು ಪ್ರಿಂಟಿಂಗ್ ಕೆಲಸ ಮಾಡಿದ ಹಿರಿಯರೊಬ್ಬರ ಉತ್ತರ.

ಪ್ರಶ್ನೆ: ನಮ್ಮಪ್ಪ ಎಂ.ಎಸ್.ಕೆ. ಮಿಲ್ಲಿನಲ್ಲಿದ್ದರು, ಯೂನಿಯನ್ ಮನುಷ್ಯ. ರಷ್ಯಾ ಪುಸ್ತಕಗಳ ಪ್ರದರ್ಶನ ಬಂದಾಗ ಕೊಂಡ ಒಂದು ಚಿತ್ರಸಂಪುಟ ನಮ್ಮ ಮನೆಯಲ್ಲಿದೆ. ಅದರಲ್ಲಿ ಲೆನಿನ್ ಕಟ್ಟಿಗೆಯ ವೇದಿಕೆ ಮೇಲೆ ನಿಂತು ಮುಂದಕ್ಕೆ ಬಾಗಿ ಭಾಷಣ ಮಾಡುವ ಫೋಟೊ ಇದೆ, ಪಕ್ಕದ ಮೆಟ್ಟಿಲು ಖಾಲಿ. ಮೊನ್ನೆ ಮೊಮ್ಮಗ ಮೊಬೈಲಿನಲ್ಲಿ ಅದೇ ಫೋಟೊ ತೋರಿಸಿದ. ಅದರಲ್ಲಿ ಮೆಟ್ಟಿಲ ಮೇಲೆ ಇಬ್ಬರು ನಿಂತಿದ್ದಾರೆ! ಮೊಬೈಲಿನದು ಕಂಪ್ಯೂಟರಿನಲ್ಲಿ ಸೇರಿಸಿದ್ದೋ, ಅಪ್ಪನ ಪುಸ್ತಕದ್ದೇ ಸುಳ್ಳೋ? ಅಪ್ಪ ಆ ಪುಸ್ತಕವನ್ನು ದೇವರ ಪಟದಷ್ಟು ಜತನ ಮಾಡಿದ್ದರು.
— ನಿವೃತ್ತ ಶಿಕ್ಷಕಿ, ಬ್ರಹ್ಮಪುರ, ಕಲಬುರಗಿ

ಉತ್ತರ: ಅಕ್ಕೋರೆ, ಮೊಬೈಲಿನಲ್ಲಿರುವುದೇ ಖರೆ. ಆ ಇಬ್ಬರು ಟ್ರಾಟ್ಸ್ಕಿ ಮತ್ತು ಕಾಮೆನೆವ್, ಲೆನಿನ್ ಜೊತೆಗಿದ್ದ ಕ್ರಾಂತಿಯ ನಾಯಕರು. 1920ರ ಮೇ 5ರಂದು ಮಾಸ್ಕೋದ ಬೊಲ್ಶಾಯ್ ರಂಗಮಂದಿರದ ಮುಂದಿನ ಚೌಕದಲ್ಲಿ, ಪೋಲೆಂಡ್ ಗಡಿಗೆ ಯುದ್ಧಕ್ಕೆ ಹೊರಟ ಸೈನಿಕರನ್ನು ಉದ್ದೇಶಿಸಿ ಲೆನಿನ್ ಮಾತನಾಡಿದ್ದು. ಫೋಟೊ ತೆಗೆದವನು ಗ್ರಿಗೊರಿ ಗೋಲ್ಡ್‌ಸ್ಟೈನ್. ಆಗಿನ್ನೂ ಕ್ರಾಂತಿಯಾಗಿ ಮೂರು ವರ್ಷ ತುಂಬಿರಲಿಲ್ಲ. ಟ್ರಾಟ್ಸ್ಕಿ ಸೇನೆಯನ್ನು ಕಟ್ಟಿದ ಮನುಷ್ಯ, ಅವನು ಅಲ್ಲಿ ನಿಲ್ಲುವುದು ಸಹಜವೇ. ಮುಂದೆ ಸ್ಟಾಲಿನ್ ಕೈ ಮೇಲಾಯಿತು. 1927ರಲ್ಲಿ ಟ್ರಾಟ್ಸ್ಕಿಯನ್ನು ಪಕ್ಷದಿಂದ ಹೊರಹಾಕಿದರು, 1929ರಲ್ಲಿ ದೇಶದಿಂದಲೇ ಅಟ್ಟಿದರು, 1940ರಲ್ಲಿ ಮೆಕ್ಸಿಕೋದಲ್ಲಿ ಕೊಲ್ಲಿಸಿದರು. ಕಾಮೆನೆವ್‌ನನ್ನು 1936ರಲ್ಲಿಯೇ ಗುಂಡಿಟ್ಟು ಕೊಂದಿದ್ದರು. ಆಮೇಲೆ ಅಚ್ಚಾದ ಪುಸ್ತಕಗಳಲ್ಲಿ ಇಬ್ಬರೂ ಇಲ್ಲ, ಅವರಿದ್ದ ಕಡೆ ಮೆಟ್ಟಿಲ ಹಲಗೆಗಳಿವೆ. ಐಸಾಕ್ ಬ್ರಾಡ್ಸ್ಕಿ ಎಂಬ ಕಲಾವಿದ 1933ರಲ್ಲಿ ಇದೇ ದೃಶ್ಯವನ್ನು ಬಣ್ಣದಲ್ಲಿ ಬರೆದಾಗ ಆ ಜಾಗದಲ್ಲಿ ಇಬ್ಬರು ಪತ್ರಕರ್ತರನ್ನು ತಂದು ನಿಲ್ಲಿಸಿದ.

ನಿಮ್ಮ ಅಪ್ಪನವರು ಸುಳ್ಳು ಇಟ್ಟುಕೊಂಡಿರಲಿಲ್ಲ. ಅವರ ಕೈಗೆ ಬರುವ ಹೊತ್ತಿಗೆ ಅದು ಹಾಗಾಗಿತ್ತು, ಅಷ್ಟೇ. ಈ ಮಾತನ್ನು ಮೊದಲು ಮನಸ್ಸಿಗೆ ಹಾಕಿಕೊಳ್ಳಿರಿ.

ಇದನ್ನು ಹೇಗೆ ಮಾಡುತ್ತಾರೆ ಅಂತ ನನಗೆ ಗೊತ್ತು, ಏಕೆಂದರೆ ನಾನೂ ಮಾಡಿದ್ದೇನೆ. ನಮ್ಮ ಕಾಲದಲ್ಲಿ ಟಚಿಂಗ್ ಡೆಸ್ಕ್ ಅಂತ ಇರುತ್ತಿತ್ತು: ಇಳಿಜಾರಾದ ಒಂದು ಮೇಜು, ನಡುವೆ ಹಾಲುಗಾಜು, ಕೆಳಗೆ ಬಲ್ಬು. ನೆಗೆಟಿವ್ ಅದರ ಮೇಲಿಟ್ಟು, ಪಾಲಿಶ್ ಕಾಗದದ ಮೇಲೆ ಉಜ್ಜಿ ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ಮುಖದ ಕಲೆ ತುಂಬುತ್ತಿದ್ದೆವು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿದ ಕಡೆ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ, ಬ್ಲೇಡಿನಿಂದ ಹೆರೆದ ಕಡೆ ಕಪ್ಪಾಗುತ್ತದೆ. ಒಬ್ಬ ಮನುಷ್ಯನನ್ನೇ ತೆಗೆಯಬೇಕೆಂದರೆ ಒಪೇಕ್ ಎಂಬ ಕೆಂಪು ಬಣ್ಣ ಬಳಿಯುತ್ತಿದ್ದೆವು. ಅದರೊಳಗಿಂದ ಬೆಳಕು ಹಾಯುವುದಿಲ್ಲ, ಹೀಗಾಗಿ ಪ್ರಿಂಟಿನಲ್ಲಿ ಆ ಜಾಗ ಸುಣ್ಣ ಬಳಿದಂತೆ ಬರುತ್ತದೆ.

1979ರಲ್ಲಿ ಆಳಂದ ಕಡೆಯ ಒಂದು ಮನೆತನದವರು ಬಂದರು. ಅವರ ಮನೆ ಮದುವೆಯ ಗುಂಪು ಫೋಟೊ ನಮ್ಮ ಸ್ಟುಡಿಯೊದವರೇ ತೆಗೆದಿದ್ದು. ಆಸ್ತಿ ಜಗಳದಲ್ಲಿ ಕಿರಿಯ ತಮ್ಮ ಬೇರೆಯಾಗಿದ್ದ. ‘ಅವನ್ನ ತಗದು ದೊಡ್ಡ ಪ್ರಿಂಟ್ ಮಾಡಿ ಕೊಡ್ರಿ’ ಅಂದರು. ಹಿಂದೆ ಸುಣ್ಣದ ಗೋಡೆ, ನನಗೆ ಕೆಲಸ ಸಲೀಸು. ನೆಗೆಟಿವ್‌ನ ಬೆನ್ನ ಬದಿಗೆ ಒಪೇಕ್ ಬಳಿದೆ, ಮನುಷ್ಯ ಹೋದ. ಪ್ರಿಂಟ್ ಒಣಗಲು ಹಾಕಿದಾಗ ನೋಡಿದೆ: ಪಕ್ಕದವನ ಬಿಳಿ ಧೋತರದ ಮೇಲೆ ಅವನ ನೆರಳು ಹಾಗೇ ಬಿದ್ದಿತ್ತು. ಇಳಿ ಮಧ್ಯಾಹ್ನದ ಬಿಸಿಲಿನ ಫೋಟೊ ಅದು. ಅವರಿಗೆ ನೆರಳು ಕಾಣಲಿಲ್ಲ, ರೊಕ್ಕ ಕೊಟ್ಟು ಒಯ್ದರು.

2003ರಲ್ಲಿ ಒಬ್ಬ ಹೆಣ್ಣುಮಗಳು ಅದೇ ಪ್ರಿಂಟ್ ಹಿಡಿದು ಬಂದಳು. ‘ಈ ಧೋತರದ ಮ್ಯಾಲಿನ ನೆರಳು ನಮ್ಮಪ್ಪಂದು ಅಂತ ಅವ್ವ ಹೇಳ್ತಾಳ್ರಿ. ಅಪ್ಪನ ಫೋಟೊ ನಮ್ಮಲ್ಲಿ ಒಂದೂ ಇಲ್ರಿ. ನಾ ಹೊಟ್ಟ್ಯಾಗಿದ್ದಾಗ ತೀರಿಕೊಂಡ’ ಅಂದಳು. ಆ ಮಾತು ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸ್ಟುಡಿಯೊ ಮುಚ್ಚಿದಾಗ ನೆಗೆಟಿವ್‌ಗಳ ಡಬ್ಬಿಗಳನ್ನು ನಾನು ಮನೆಗೆ ತಂದಿದ್ದೆ. ಮೂರು ದಿನ ಹುಡುಕಿದೆ. ಸಿಕ್ಕಿತು. ಒಪೇಕ್ ನೀರಿಗೆ ಕರಗುವ ಬಣ್ಣ. ಅರಳೆಯ ಉಂಡೆಯನ್ನು ಒದ್ದೆ ಮಾಡಿ, ಹಿಂಡಿ, ಬೆನ್ನ ಬದಿಗೆ ಮೆಲ್ಲಗೆ ಆಡಿಸಿದೆ. ಅರಳೆ ಕೆಂಪಾಗುತ್ತ ಹೋದ ಹಾಗೆ ಮೊದಲು ರುಮಾಲು ಬಂತು, ಆಮೇಲೆ ಕಿವಿ, ಆಮೇಲೆ ಮೀಸೆ. 24 ವರ್ಷ ಆತ ಅಲ್ಲೇ ನಿಂತಿದ್ದ.

ಆವತ್ತಿನಿಂದ ಇಂಥ ಫೋಟೊಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಡೇವಿಡ್ ಕಿಂಗ್ ಎಂಬ ಇಂಗ್ಲೆಂಡಿನ ವಿನ್ಯಾಸಕಾರ 1970ರಲ್ಲಿ ಮಾಸ್ಕೋಗೆ ಹೋಗಿ ಟ್ರಾಟ್ಸ್ಕಿಯ ಫೋಟೊ ಕೇಳಿದರೆ ಸಿಗಲಿಲ್ಲ. ಮುಂದೆ ಜೀವಮಾನವಿಡೀ ಹಳೆಯ ಪ್ರಿಂಟು, ಪತ್ರಿಕೆ, ಪುಸ್ತಕ ಕೂಡಿಸಿ, ಮೊದಲಿನದನ್ನೂ ತಿದ್ದಿದ್ದನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ. ಆ ಸಂಗ್ರಹ ಈಗ ಲಂಡನ್ನಿನ ಟೇಟ್ ಸಂಸ್ಥೆಯಲ್ಲಿದೆ. ಅವನು ಕಂಡದ್ದರಲ್ಲಿ ನನ್ನ ಎದೆಗೆ ತಾಗಿದ್ದು ಒಂದಿದೆ. ಅಲೆಕ್ಸಾಂಡರ್ ರೋಡ್ಚೆಂಕೊ ದೊಡ್ಡ ಫೋಟೊಗ್ರಾಫರ್. ಉಜ್ಬೇಕಿಸ್ತಾನದ ಹತ್ತು ವರ್ಷಗಳ ಬಗ್ಗೆ 1934ರಲ್ಲಿ ಬಂದ ಸಂಪುಟವನ್ನು ವಿನ್ಯಾಸ ಮಾಡಿದವನೇ ಅವನು. ಮೂರು ವರ್ಷ ಕಳೆಯುವುದರಲ್ಲಿ ಅದರಲ್ಲಿದ್ದ ನಾಯಕರಲ್ಲಿ ಅನೇಕರು ಸ್ಟಾಲಿನ್ ಕಣ್ಣಿಗೆ ದ್ರೋಹಿಗಳಾದರು. ಅಂಥವರ ಚಿತ್ರ ಮನೆಯಲ್ಲಿದ್ದರೆ ಜೀವಕ್ಕೇ ಅಪಾಯ. ರೋಡ್ಚೆಂಕೊ ತನ್ನ ಸ್ವಂತ ಪ್ರತಿಯಲ್ಲಿ, ತನ್ನ ಕೈಯಾರೆ, ಅವರ ಮುಖಗಳ ಮೇಲೆ ಕಪ್ಪು ಶಾಯಿ ಬಳಿದ. ಕೋಟು ಇದೆ, ಗುಂಡಿ ಇದೆ, ಹೆಸರೂ ಇದೆ, ಮುಖದ ಜಾಗದಲ್ಲಿ ಮಸಿಯ ಗುಡ್ಡೆ. ಅಚ್ಚಾದ ಹಾಳೆಯ ಮೇಲಿನ ಶಾಯಿಯನ್ನು ಒದ್ದೆ ಅರಳೆಯಿಂದ ತೆಗೆಯಲಾಗದು.

ನಿಮ್ಮ ಸಂಪುಟದಲ್ಲಿ ಚಳಿಗಾಲದ ಅರಮನೆಗೆ ಜನ ನುಗ್ಗುವ ದೊಡ್ಡ ಚಿತ್ರವೂ ಇದ್ದೀತು, ನೋಡಿರಿ. ಅದು 1917ರ ಕ್ರಾಂತಿಯ ರಾತ್ರಿಯದಲ್ಲ. 1920ರ ನವೆಂಬರ್ 7ರಂದು ಆ ಅರಮನೆಯ ಮುಂದಿನ ಚೌಕದಲ್ಲಿ ನಿಕೊಲಾಯ್ ಎವ್ರೇನೊವ್ ಸಾವಿರಾರು ಜನರನ್ನು ಹಾಕಿಕೊಂಡು ಆಡಿಸಿದ ಬಯಲು ನಾಟಕದ್ದು. ಎಷ್ಟೋ ಪಠ್ಯಪುಸ್ತಕಗಳಲ್ಲಿ ಅದು ಖರೆ ಘಟನೆಯೆಂದೇ ಅಚ್ಚಾಗಿದೆ.

ಪುಸ್ತಕವನ್ನು ಹಾಗೇ ಜತನ ಮಾಡಿರಿ, ಅಕ್ಕೋರೆ. ಮೊಬೈಲಿನ ಫೋಟೊದ ಒಂದು ಪ್ರಿಂಟ್ ತೆಗೆಸಿ ಅದೇ ಪುಟದಲ್ಲಿ ಇಡಿರಿ. ಅಂಟಿಸಬೇಡಿರಿ, ಸುಮ್ಮನೆ ಇಡಿರಿ. ಹಿಂದೆ ಪೆನ್ಸಿಲಿನಿಂದ ಇಬ್ಬರ ಹೆಸರು ಬರೆದು ಮೊಮ್ಮಗನ ಕೈಗೆ ಕೊಡಿರಿ.

ಪ್ರಶ್ನೆ: ಅಜ್ಜ ಪಟವಾರಿಯಾಗಿದ್ದರು, ಊರಿನ ಕಂದಾಯ ಲೆಕ್ಕ ಬರೆಯುತ್ತಿದ್ದರು. ಅವರ ಪೆಟ್ಟಿಗೆಯಲ್ಲಿ ಬೀದರಿನ ಚೌಬಾರಾ ಮುಂದೆ ಜನ ತ್ರಿವರ್ಣ ಧ್ವಜ ಹಿಡಿದು ನಿಂತ ಫೋಟೊ ಸಿಕ್ಕಿದೆ (ಪ್ರತಿ ಕಳಿಸಿದ್ದೇನೆ). 1948ರ ಸೆಪ್ಟೆಂಬರ್ 17ರ ವಿಮೋಚನೆಯ ದಿನದ್ದೆಂದು ವಾಟ್ಸಾಪಿನಲ್ಲಿ ಹಾಕಲೇ? ಹಿಂದೆ ಉರ್ದುವಿನಲ್ಲಿ 1361 ಅಂತಿದೆ. ಅದು ಹಿಜರಿ, ಅಂದರೆ 1942 ಎಂದು ಒಬ್ಬರು ಹೇಳಿ ಗೊಂದಲ ಮಾಡಿದ್ದಾರೆ.
— ಪದವಿ ವಿದ್ಯಾರ್ಥಿ, ಬೀದರ್

ಉತ್ತರ: ಹಾಕಬೇಡ ತಮ್ಮಾ, ಸ್ವಲ್ಪ ತಡಿ. ನೀನು ಕಳಿಸಿದ ಪ್ರತಿಯನ್ನು ದೊಡ್ಡದು ಮಾಡಿ ನೋಡಿದೆ. ನೀನು ಧ್ವಜ ನೋಡಿದ್ದೀ, ನಾನು ಎಡಗಡೆಯ ಅಂಗಡಿಯ ಬಾಗಿಲು ನೋಡಿದೆ. ಅದಕ್ಕೆ ಅಂಟಿಸಿದ ಕಾಗದದ ಮೇಲೆ ನೊಗ ಹೊತ್ತ ಜೋಡೆತ್ತು ಇದೆ. ಅದು ಮೊದಲ ಮಹಾಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಸಿಕ್ಕ ಗುರುತು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಮತಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತಿನ ಚಿತ್ರ. ಅಕ್ಷರ ಬಾರದವರೂ ಎತ್ತು ನೋಡಿ ಚೀಟಿ ಹಾಕುತ್ತಿದ್ದರು. ಬಲಗಡೆಯ ಬ್ಯಾನರಿನಲ್ಲಿ ‘ಬೀದರ ಜಿಲ್ಲಾ’ ಎಂಬುದರ ಕೆಳಗೆ ‘ಉದಗೀರ ತಾಲೂಕಾ’ ಅಂತಿದೆ. ಉದಗೀರ ನಿಮ್ಮ ಜಿಲ್ಲೆ ಬಿಟ್ಟು ಹೋದದ್ದು 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ. ಅಂದರೆ ಫೋಟೊ ಅದಕ್ಕಿಂತ ಹಿಂದಿನದು.

ಇನ್ನು 1361. ನಿಜಾಮರ ರಾಜ್ಯದ ಕಂದಾಯ ಲೆಕ್ಕ ನಡೆಯುತ್ತಿದ್ದುದು ಫಸಲಿ ವರ್ಷದಲ್ಲಿ. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ ಹತ್ತಿರ ಹತ್ತಿರ ಬರುತ್ತದೆ. ಪಟವಾರಿಯ ಕೈ ಫಸಲಿ ಬಿಟ್ಟು ಇನ್ನೇನು ಬರೆದೀತು? 1361 ಅಂದರೆ 1951–52. ಎತ್ತು, ಬ್ಯಾನರು, ಅಜ್ಜನ ಅಕ್ಷರ ಮೂರೂ ಒಂದೇ ಮಾತು ಹೇಳುತ್ತಿವೆ: ಇದು ಚುನಾವಣೆಯ ಸಭೆ.

ತಾರೀಖು ನಾಲ್ಕು ವರ್ಷ ಹಿಂದುಮುಂದಾದರೆ ಏನಾಯಿತು ಅಂತ ನಿನಗೆ ಅನ್ನಿಸಬಹುದು. ಬಹಳ ಆಗುತ್ತದೆ ತಮ್ಮಾ. 1948 ನಮ್ಮ ಭಾಗಕ್ಕೆ ಬರೀ ಒಂದು ಇಸವಿಯಲ್ಲ. ಆ ವರ್ಷದ ಮೇ ತಿಂಗಳಲ್ಲಿ ಬಸವಕಲ್ಯಾಣ ಹತ್ತಿರದ ಗೋರಟಾದಲ್ಲಿ ನಿಜಾಮರ ಪರವಾದ ಖಾಸಗಿ ಪಡೆಯ ರಜಾಕಾರರು ಊರವರನ್ನು ಕೊಂದರು. ಸೆಪ್ಟೆಂಬರಿನಲ್ಲಿ ಸೇನೆ ಬಂದು ನಿಜಾಮರ ಆಳ್ವಿಕೆ ಮುಗಿದ ಮೇಲೆ ಮುಸ್ಲಿಮರ ಮೇಲೆ ಹಿಂಸೆಯಾಯಿತು. ಅದನ್ನು ತಿಳಿಯಲು ಬಂದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲ್ಬರ್ಗ, ಬೀದರ್ ಎರಡನ್ನೂ ಹೆಸರಿಸಿದೆ. ನಮ್ಮ ಹಿರಿಯರಲ್ಲಿ ಕೆಲವರು ಅದನ್ನು ವಿಮೋಚನೆ ಅಂದರು, ಕೆಲವರು ಪೊಲೀಸ್ ಆಕ್ಷನ್ ಅಂದರು, ಕೆಲವರು ಬಾಯಿಯನ್ನೇ ಬಿಡಲಿಲ್ಲ. ನಿನ್ನ ಫೋಟೊದಲ್ಲಿ ರುಮಾಲಿನವರ ನಡುವೆ ಇಬ್ಬರು ಶೇರ್ವಾನಿಯವರು ನಿಂತಿದ್ದಾರೆ. 1952ರ ಸಭೆಯಲ್ಲಿ ಅವರು ಮತದಾರರು, ನಿನ್ನ ಅಜ್ಜನ ಜೊತೆಗಾರರೇ ಇದ್ದಾರು. 1948 ಅಂತ ಬರೆದ ಕೂಡಲೇ ನೋಡುವವರು ಅವರನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಒಪೇಕ್ ಬಳಿಯದೆಯೂ ಮನುಷ್ಯರನ್ನು ಬದಲಿಸಬಹುದು, ಕೆಳಗೆ ಒಂದು ಸಾಲು ಬರೆದರೆ ಸಾಕು. ಉರ್ದು ಓದಬಲ್ಲ ಹಿರಿಯರ ಹತ್ತಿರ ಹೋಗಿ ಹಿಂದಿನ ಬರಹ ಪೂರ್ತಿ ಓದಿಸು. ಸಂಖ್ಯೆಯ ಪಕ್ಕದಲ್ಲಿ ಹೆಸರುಗಳಿರುವಂತೆ ಕಾಣುತ್ತದೆ, ಶೇರ್ವಾನಿಯವರದೂ ಇದ್ದೀತು.

ಪ್ರಶ್ನೆ: ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ಮುತ್ತ್ಯಾನ ಫೋಟೊ ಫ್ರೇಮಿನ ಗಾಜಿಗೆ ಅಂಟಿಕೊಂಡಿದೆ. ಬಿಡಿಸಿ ಲ್ಯಾಮಿನೇಶನ್ ಮಾಡಿಸಬಹುದೇ?
— ರೈತ ಮಹಿಳೆ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಬ್ಯಾಡ್ರಿ ಅವ್ವಾ, ಎರಡೂ ಬೇಡ. ಬಿಡಿಸಲು ಹೋದರೆ ಮುಖದ ಪದರ ಗಾಜಿನ ಮೇಲೇ ಉಳಿದುಬಿಡುತ್ತದೆ. ಲ್ಯಾಮಿನೇಶನ್ ಬಿಸಿಗೆ ಹಳೆಯ ಪ್ರಿಂಟ್ ತಡೆಯುವುದಿಲ್ಲ, ಒಮ್ಮೆ ಮಾಡಿದರೆ ಹೊಳ್ಳಿ ತೆಗೆಯಲೂ ಬರುವುದಿಲ್ಲ. ಗಾಜಿನ ಸಮೇತ ಸ್ಕ್ಯಾನ್ ಮಾಡಿದರೆ ಚಿತ್ರ ಚೆನ್ನಾಗಿಯೇ ಬರುತ್ತದೆ. ಅಲ್ಲಿಯವರೆಗೆ ಬಿಸಿಲು ತಾಗುವ ಗೋಡೆಯಿಂದ ಇಳಿಸಿ, ಅಡುಗೆಮನೆಯ ಹಬೆ ಬಾರದ ಕಡೆ ಇಡಿರಿ. ಕಲಬುರಗಿಗೆ ಬರುವುದಿದ್ದರೆ ತರ್ರಿ, ನಾನೇ ಮಾಡಿಸಿಕೊಡುತ್ತೇನೆ. ಪೇಪರಿನಲ್ಲಿ ಸುತ್ತಬೇಡಿರಿ, ಹಳೆಯ ಧೋತರದಲ್ಲಿ ಸುತ್ತಿರಿ. ಬಸ್ಸಿನಲ್ಲಿ ಮೇಲಿನ ಕ್ಯಾರಿಯರಿಗೆ ಹಾಕದೆ ತೊಡೆಯ ಮೇಲೆ ಇಟ್ಟುಕೊಂಡು ಬರ್ರಿ.