ವಾನ್ ಸರೋವರದ ಸುಣ್ಣದ ಗೋಪುರಗಳು: ಕಟ್ಟಿದ್ದು ಯಾರು?

ಟರ್ಕಿಯ ವಾನ್ ಸರೋವರದ ತಳದಲ್ಲಿರುವ ಸುಣ್ಣದ ಗೋಪುರಗಳನ್ನು ಬ್ಯಾಕ್ಟೀರಿಯಾಗಳು ಕಟ್ಟಿದವೋ, ಅವು ತಾವಾಗಿಯೇ ಹರಳುಗಟ್ಟಿದವೋ ಎಂದು ಕೇಳಿದ್ದೀರಿ. ಎರಡೂ ನಿಜ, ಒಳಗೆ ತಾನಾಗಿ ಹರಳುಗಟ್ಟಿದ್ದು, ಹೊರಗೆ ಬ್ಯಾಕ್ಟೀರಿಯಾಗಳು ಕಟ್ಟಿದ್ದು.

ವಾನ್ ಸೋಡಾ ಸರೋವರ, ಅಂದರೆ ಕ್ಷಾರೀಯ ನೀರಿನದು, ಅದರ ಪಿಎಚ್ ಸುಮಾರು 9.7. ನೀರಿನಲ್ಲಿ ಕಾರ್ಬೊನೇಟ್ ಧಾರಾಳವಾಗಿದೆ, ಕ್ಯಾಲ್ಸಿಯಂ ಮಾತ್ರ ತೀರ ಕಡಿಮೆ. ಆ ಕೊರತೆಯನ್ನು ತಳದಿಂದ ಒಸರುವ ಅಂತರ್ಜಲ ತುಂಬುತ್ತದೆ. ಎರಡು ನೀರು ಸೇರುವ ಕಡೆಯೇ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ ಹರಳುಗಟ್ಟಿ, ಒರತೆಯ ಸುತ್ತ ಗೋಡೆ ಏಳುತ್ತದೆ. ಇಷ್ಟಕ್ಕೆ ಜೀವಿಗಳೇ ಬೇಕಿಲ್ಲ.

ನನಗೆ ಅತ್ಯಂತ ಸುಂದರವೆನಿಸುವುದು ಹೊರಮೈ. ಬೆಳಕು ತಲುಪುವ ಆಳದಲ್ಲಿ ಅದನ್ನು ಸಯನೋಬ್ಯಾಕ್ಟೀರಿಯಾಗಳ ಲೋಳೆಹಾಸು ಹೊದ್ದಿರುತ್ತದೆ. ದ್ಯುತಿಸಂಶ್ಲೇಷಣೆಗಾಗಿ ಅವು ನೀರಿನಲ್ಲಿ ಕರಗಿದ ಇಂಗಾಲವನ್ನು ಹೀರುತ್ತವೆ. ಆಗ ಮೈಗೆ ಅಂಟಿದ ನೀರಿನ ಪಿಎಚ್ ತುಸು ಏರಿ, ಅದೇ ಸುಣ್ಣದ ಇನ್ನೊಂದು ರೂಪವಾದ ಅರಗೊನೈಟ್ ಹರಳುಗಳು ಮೂಡುತ್ತವೆ. ಲೋಳೆ ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೂತುಹೋಗದಂತೆ ಜೀವಿಗಳು ಬೆಳಕಿನತ್ತ ಸರಿಯುತ್ತವೆ, ಕೆಳಗೆ ಕಲ್ಲು ಉಳಿಯುತ್ತದೆ. ಗಡಸು ನೀರು ಕಾಯಿಸುವ ಹಂಡೆಯಲ್ಲಿ ಬಿಳಿ ಪದರ ಕಟ್ಟುವುದೂ ಇಂಗಾಲದ ಡೈಆಕ್ಸೈಡ್ ಹೊರಹೋಗುವುದರಿಂದಲೇ. ಅಲ್ಲಿ ಶಾಖ ಮಾಡುವ ಕೆಲಸವನ್ನು ಇಲ್ಲಿ ಜೀವ ಮಾಡುತ್ತದೆ.

1991ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಕೆಲವು ಗೋಪುರಗಳ ಎತ್ತರ 40 ಮೀಟರ್. ಬೆಳಕಿಲ್ಲದ ಆಳದಲ್ಲಿ ನಿಂತಿರುವ ಭಾಗಗಳಿಗೆ ಒರತೆಯ ರಸಾಯನವನ್ನೇ ಮುಖ್ಯ ಕಾರಣವೆಂದು ತಿಳಿಯಿರಿ.