ಅಮ್ಮ ಫೋನಲ್ಲಿ ಅಳ್ತಾಳೆ, ನಂಗೆ ಅಳು ಬರಲ್ಲ

ಅಕ್ಕಾ, ನಮಸ್ತೆ. ನಂಗೆ ಕನ್ನಡ ಮಾತಾಡೋಕೆ ಚೆನ್ನಾಗಿ ಬರತ್ತೆ, ಬರೆಯೋಕೆ ರೂಮ್‌ಮೇಟ್ ಹೆಲ್ಪ್ ಮಾಡ್ತಿದಾಳೆ. ನಾನು ಮೈಸೂರಲ್ಲಿ ಸ್ಟಾಫ್ ನರ್ಸ್, ವಯಸ್ಸು 27, ಟಿಬೆಟಿಯನ್. ಹುಟ್ಟಿದ್ದು ಟಿಬೆಟ್‌ನ ಅಮ್ದೊ ಕಡೆ ಒಂದು ಹಳ್ಳಿ. ಎಂಟು ವರ್ಷ ಇದ್ದಾಗ, 2006ರ ಚಳಿಗಾಲದಲ್ಲಿ, ಒಂದು ಗುಂಪಿನ ಜೊತೆ ನನ್ನ ಕಳಿಸಿದ್ರು. ರಾತ್ರಿ ಹೊತ್ತು ನಡೆದು ನಡೆದು ಹಿಮದ ಬೆಟ್ಟ ದಾಟಿ ನೇಪಾಳಕ್ಕೆ ಬಂದ್ವಿ, ಅಲ್ಲಿಂದ ಡೆಲ್ಲಿ, ಧರ್ಮಶಾಲಾ, ಆಮೇಲೆ ಬೈಲಕುಪ್ಪೆಯ ಬೋರ್ಡಿಂಗ್ ಸ್ಕೂಲು. ಅಣ್ಣನ್ನ ಕಳಿಸ್ಲಿಲ್ಲ, ನನ್ನ ಕಳಿಸಿದ್ರು. ಮೊದ್ಲು ವರ್ಷಕ್ಕೆ ಒಂದೆರಡು ಸಲ ಫೋನ್ ಬರ್ತಿತ್ತು, ಆಮೇಲೆ ವೀಚ್ಯಾಟ್ ಅನ್ನೋ ಚೀನಾ ಆ್ಯಪಲ್ಲಿ ವಾಯ್ಸ್ ಮೆಸೇಜು, 2020ರಲ್ಲಿ ಅದು ಬ್ಯಾನ್ ಆದ್ಮೇಲೆ ಏನೂ ಇಲ್ಲ. ಈಗ ಹೋದ ತಿಂಗ್ಳು ಅಮ್ಮ ಆಸ್ಪತ್ರೆಗೆ ಅಂತ ಅಲ್ಲಿನ ದೊಡ್ಡ ಪಟ್ಟಣ ಸಿಲಿಂಗ್‌ಗೆ ಬಂದಿದ್ಲಂತೆ, ಅಲ್ಲಿಂದ ಯಾರದೋ ನಂಬರಲ್ಲಿ ಫೋನ್ ಮಾಡಿದ್ಲು. ತುಂಬಾ ಅತ್ಲು. ಅವಳ ಮಾತು ನಂಗೆ ಅರ್ಧ ಅರ್ಥ ಆಗ್ಲಿಲ್ಲ ಅಕ್ಕಾ, ನಾವು ಸ್ಕೂಲಲ್ಲಿ ಕಲ್ತ ಟಿಬೆಟಿಯನ್ನೇ ಬೇರೆ. ನಂಗೆ ಅಳು ಬರ್ಲಿಲ್ಲ. ಹತ್ತು ನಿಮಿಷ ಆದ್ಮೇಲೆ ನೆಟ್‌ವರ್ಕ್ ಇಲ್ಲ ಅಂತ ಹೇಳಿ ಕಟ್ ಮಾಡ್ಬಿಟ್ಟೆ. ಆಮೇಲೆ ಮೂರು ಸಲ ಬಂತು, ಎತ್ತಿಲ್ಲ. ಅದೇ ವಾರ ನಮ್ಮ ವಾರ್ಡಲ್ಲಿ ಟಿ.ನರಸೀಪುರದ ಅಜ್ಜಿ ಒಬ್ರು ತೀರ್ಕೊಂಡಾಗ ಬಾತ್‌ರೂಮಿಗೆ ಹೋಗಿ ಅತ್ತಿದೀನಿ. ಅಮ್ಮನ ಬಗ್ಗೆ ನೆನಪಿರೋದು ಒಂದೇ, ಹೊರಡೋ ರಾತ್ರಿ ನನ್ನ ಕುರಿ ಚರ್ಮದ ಕೋಟಿನ ಒಳಗಡೆ ಒಂದು ಚಿಕ್ಕ ಜೇಬು ಹೊಲಿದು ಅದ್ರಲ್ಲಿ ಸಂಪಾ, ಅಂದ್ರೆ ಹುರಿದ ಬಾರ್ಲಿ ಹಿಟ್ಟು, ತುಂಬಿ ಕೊಟ್ಟಿದ್ಲು. ದಾರೀಲಿ ಅದನ್ನ ಹಿಮದ ಜೊತೆ ತಿಂತಿದ್ದೆ. ನಾನು ಕಲ್ಲಾಗ್ಬಿಟ್ಟಿದೀನಾ? ಫೋನ್ ಎತ್ಲಾ ಬೇಡ್ವಾ? ದಯವಿಟ್ಟು ಹೆಸರು ಹಾಕ್ಬೇಡಿ.

ತಂಗೀ, ಹೆಸರೂ ಹಾಕಿಲ್ಲ, ಊರ ಗುರುತು ಸಿಗೋ ಒಂದೆರಡು ವಿಷಯ ಬರೆದಿದ್ದೆಯಲ್ಲ ಅದನ್ನೂ ತೆಗೆದಿದೀನಿ.

ಫೋನ್ ಎತ್ತು, ಇದನ್ನ ಮೊದ್ಲೇ ಹೇಳ್ಬಿಡ್ತೀನಿ ಯಾಕಂದ್ರೆ ಇದನ್ನ ಓದ್ತಾ ಇರೋವಾಗ್ಲೇ ಅದು ಬರಬಹುದು. ಆಸ್ಪತ್ರೆಗೆ ಅಂತ ಹಳ್ಳಿಯಿಂದ ಸಿಲಿಂಗ್ ತನಕ ಬಂದಿದಾಳೆ ಅಂದ್ರೆ ಅದು ಸಣ್ಣ ಕಾಯಿಲೆನಾ ದೊಡ್ಡದಾ ನಂಗೆ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ, ನೀನು ಕೇಳೇ ಇಲ್ಲ. ನರ್ಸ್ ಆಗಿ ನೀನು ದಿನಾ ಬೇರೆಯವರ ಅಮ್ಮಂದಿರಿಗೆ ಕೇಳೋ ಪ್ರಶ್ನೆ ಅದು, ಏನಾಗಿದೆ, ಎಷ್ಟು ದಿನದಿಂದ, ಊಟ ಸೇರ್ತಿದ್ಯಾ, ಆ ಮೂರು ಪ್ರಶ್ನೆ ನಿನ್ನ ಅಮ್ಮಂಗೂ ಕೇಳಬಹುದು, ಅದಕ್ಕೆ ಅಳು ಬರಲೇಬೇಕು ಅಂತ ಏನಿಲ್ಲ.

ಈಗ ಕಲ್ಲಿನ ವಿಷಯಕ್ಕೆ ಬರ್ತೀನಿ. ನಿನ್ನ ಪತ್ರ ನಾಲ್ಕೈದು ಸಲ ಓದಿದೆ, ಅದ್ರಲ್ಲಿ ಒಂದು ಸಾಲು ಹಿಂದೆ ಮುಂದೆ ಏನೂ ಇಲ್ಲದೆ ಒಂಟಿಯಾಗಿ ನಿಂತಿದೆ. ಅಣ್ಣನ್ನ ಕಳಿಸ್ಲಿಲ್ಲ, ನನ್ನ ಕಳಿಸಿದ್ರು. ಅದಾದ್ಮೇಲೆ ನೀನು ತಕ್ಷಣ ಫೋನು ವೀಚ್ಯಾಟು ಅಂತ ಮುಂದೆ ಹೋಗ್ಬಿಟ್ಟೆ. ಅಲ್ಲೇ ಇದೆ ತಂಗಿ ನಿನ್ನ ಅಳು. ನಿಂಗೆ ಅಮ್ಮನ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಸಿಟ್ಟಿದೆ, ಹತ್ತೊಂಬತ್ತು ವರ್ಷದ ಸಿಟ್ಟು. ಆ ಸಿಟ್ಟು ಮಾಡ್ಕೊಳ್ಳೋಕೆ ನಿಂಗೆ ಯಾರೂ ಜಾಗ ಕೊಟ್ಟಿಲ್ಲ, ಯಾಕಂದ್ರೆ ಬಂದ ದಿನದಿಂದ ಎಲ್ರೂ ನೀನು ಪುಣ್ಯವಂತೆ ಅಂದಿರ್ತಾರೆ, ಜೀವಂತ ದಾಟಿ ಬಂದೆ, ದಲೈ ಲಾಮಾ ದರ್ಶನ ಆಯ್ತು, ಇಂಗ್ಲಿಷ್ ಓದಿದೆ, ಕೆಲ್ಸ ಸಿಕ್ತು, ಅಲ್ಲಿರೋ ಮಕ್ಕಳಿಗೆ ಇದೆಲ್ಲ ಇದ್ಯಾ ಅಂತ. ಅದೆಲ್ಲ ನಿಜಾನೇ. ಪುಣ್ಯವಂತೆ ಅನ್ನಿಸಿಕೊಂಡ ಮಗು ಯಾಕಮ್ಮಾ ನನ್ನೇ ಕಳಿಸಿದೆ ಅಂತ ಹೆಂಗೆ ಕೇಳತ್ತೆ ಹೇಳು, ಕೇಳಿದ್ರೆ ಕೃತಜ್ಞತೆ ಇಲ್ಲದೋಳು ಅಂತಾರೆ.

ಓದೋರಿಗೆ ಆ ದಾರಿ ಎಂಥದ್ದು ಅಂತ ಸ್ವಲ್ಪ ಗೊತ್ತಾಗ್ಲಿ. ನೀನು ಯಾವ ಕಡೆಯಿಂದ ದಾಟಿದೆ ಅಂತ ಬರೆದಿಲ್ಲ, ಆಗೆಲ್ಲ ತುಂಬಾ ಜನ ಬರ್ತಿದ್ದಿದ್ದು ನಂಗ್ಪಾ ಲಾ ಅನ್ನೋ ಬೆಟ್ಟದ ಕಣಿವೆ ದಾರಿ ಮೇಲಿಂದ, 5,700 ಮೀಟರ್‌ಗಿಂತ ಎತ್ತರ, ನಮ್ಮ ಮುಳ್ಳಯ್ಯನಗಿರಿ ಮೂರು ಪೇರಿಸಿದ್ರೆ ಹೆಚ್ಚುಕಮ್ಮಿ ಅಷ್ಟಾಗತ್ತೆ. ಅದೇ 2006ರ ಸೆಪ್ಟೆಂಬರ್ 30ಕ್ಕೆ ಅಲ್ಲಿ ದಾಟ್ತಿದ್ದೋರ ಮೇಲೆ ಚೀನಾದ ಗಡಿ ಪಡೆಯವರು ಗುಂಡು ಹಾರಿಸಿ ಕೆಲ್ಸಾಂಗ್ ನಾಮ್‌ಟ್ಸೊ ಅನ್ನೋ 17 ವರ್ಷದ ಸನ್ಯಾಸಿನಿ ಸತ್ತೋದ್ಲು, ಚೋ ಓಯು ಹತ್ತೋಕೆ ಬಂದಿದ್ದ ವಿದೇಶಿ ಪರ್ವತಾರೋಹಿಗಳ ಕಣ್ಣೆದುರೇ. ಅದಾಗಿ ಕೆಲವೇ ವಾರದಲ್ಲಿ ಎಂಟು ವರ್ಷದ ನೀನು ಅದೇ ಗಡಿ ದಾಟಿದೀಯ. ಅಳೋ ಮಗು ಆ ದಾರೀಲಿ ಬದುಕಲ್ಲ ತಂಗಿ, ಸದ್ದಾದ್ರೆ ಇಡೀ ಗುಂಪು ಸಿಕ್ಕಿಹಾಕ್ಕೊಳ್ತಿತ್ತು. ನೀನು ಅಳೋದನ್ನ ಅಲ್ಲಿ ನಿಲ್ಲಿಸಿದೆ, ಅಮ್ಮನ ವಿಷಯದಲ್ಲಿ ಮಾತ್ರ ಅದು ಇನ್ನೂ ನಿಂತೇ ಇದೆ. ನರಸೀಪುರದ ಅಜ್ಜಿಗೆ ಅತ್ತಿದೀಯಲ್ಲ, ಕಲ್ಲಾಗಿದ್ರೆ ಅದು ಬರ್ತಿರ್ಲಿಲ್ಲ. ಆ ಅಜ್ಜಿ ಸತ್ರು, ಬಾಡಿ ಮನೆಗೆ ಹೋಯ್ತು, ಮುಗೀತು, ಅದಕ್ಕೆ ಅಳಬಹುದು. ನಿನ್ನ ಅಮ್ಮ ಸತ್ತೂ ಇಲ್ಲ, ನಿನ್ನ ಹತ್ರ ಇದ್ದೂ ಇಲ್ಲ. ಅಮೆರಿಕಾದಲ್ಲಿ ಪಾಲಿನ್ ಬಾಸ್ ಅಂತ ಒಬ್ಬ ಸಂಶೋಧಕಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಹೆಂಡ್ತಿ ಮಕ್ಕಳ ಜೊತೆ ಕೆಲ್ಸ ಮಾಡಿ ಇದನ್ನೇ ಹೇಳಿದ್ದು, ಹೋದ್ರೋ ಇದಾರೋ ಅಂತ ತೀರ್ಮಾನ ಆಗದ ಅಗಲಿಕೆ ಇದ್ಯಲ್ಲ ಅದ್ರಲ್ಲಿ ಜನ ದುಃಖ ಪಡೋಕೂ ಆಗದೆ ಬಿಡೋಕೂ ಆಗದೆ ಮರಗಟ್ಟಿ ಹೋಗ್ತಾರೆ ಅಂತ. ಆ ಹೆಂಗಸ್ರೂ ಕಲ್ಲಲ್ಲ, ನೀನೂ ಅಲ್ಲ.

ಇನ್ನು ಭಾಷೆ. ಅದಕ್ಕೆ ನಾಚ್ಕೋಬೇಡ. ಅಮ್ದೊ ಮಾತಿಗೂ ನೀವು ಸ್ಕೂಲಲ್ಲಿ ಕಲ್ತ ಲಾಸಾ ಕಡೆ ಮಾತಿಗೂ ಇರೋ ದೂರ ನಮ್ಮಲ್ಲಿ ಧಾರವಾಡ ಮೈಸೂರಿಗೆ ಇರೋ ಥರದ್ದಲ್ಲ, ಅದಕ್ಕಿಂತ ತುಂಬಾ ಹೆಚ್ಚು, ಹುಟ್ಟಿದಾಗಿನಿಂದ ಬೈಲಕುಪ್ಪೆಯಲ್ಲೇ ಇರೋ ಟಿಬೆಟಿಯನ್ನರಿಗೂ ಅಮ್ದೊ ಮಾತು ಒಂದೇಟಿಗೆ ಅರ್ಥ ಆಗಲ್ಲ. ದಲೈ ಲಾಮಾ ಹುಟ್ಟಿದ್ದೂ ಅಮ್ದೊದ ತಕ್ತ್ಸೆರ್ ಅನ್ನೋ ಹಳ್ಳೀಲಿ, ಲಾಸಾ ಕಡೆ ಮಾತು ಅವ್ರೂ ಕಲೀಬೇಕಾಯ್ತು. ಸ್ಕೂಲಲ್ಲಿ ಇಲ್ಲೇ ಹುಟ್ಟಿದ ಮಕ್ಕಳು ನಿನ್ನ ಸಂಜೋರ್ ಸಂಜೋರ್ ಅಂತ, ಹೊಸದಾಗಿ ಬಂದೋಳು ಅಂತ ರೇಗಿಸಿರ್ತಾರೆ, ನಿನ್ನ ಮಾತಿಗೆ ನಕ್ಕಿರ್ತಾರೆ, ನೀನು ಆ ಮಾತನ್ನ ಒಳಗೆ ಹೂತಿಟ್ಟು ಅವ್ರ ಥರ ಮಾತಾಡೋಕೆ ಕಲ್ತೆ, ಆಮೇಲೆ ಹಿಂದಿ, ಇಂಗ್ಲಿಷು, ಕೊನೆಗೆ ವಾರ್ಡಲ್ಲಿ ಅಜ್ಜಿಯರ ಹತ್ರ ಕನ್ನಡ. ಹೂತಿಟ್ಟಿದ್ದು ಹೋಗಲ್ಲ. ಕೊರಿಯಾದಿಂದ ನೆದರ್ಲೆಂಡ್ಸ್‌ಗೆ ದತ್ತು ಹೋದ ಮಕ್ಕಳು ದೊಡ್ಡೋರಾದ್ಮೇಲೆ ಕೊರಿಯನ್ ಒಂದು ಪದಾನೂ ನೆನಪಿಲ್ಲ ಅಂತಿದ್ರು, ಆ ಭಾಷೆಯ ಸದ್ದುಗಳನ್ನ ಮತ್ತೆ ಕಲಿಸಿದಾಗ ಅದನ್ನ ಯಾವತ್ತೂ ಕೇಳದೇ ಇದ್ದೋರಿಗಿಂತ ಬೇಗ ಹಿಡ್ಕೊಂಡ್ರು, 2017ರಲ್ಲಿ ಬಂದ ಅಧ್ಯಯನ ಇದು. ಅವ್ರಲ್ಲಿ ಕೆಲವರು ಮಾತು ಬರೋಕೂ ಮುಂಚೆ ಹೋದೋರು. ನೀನು ಎಂಟು ವರ್ಷ ಆ ಭಾಷೇಲೇ ಹಠ ಮಾಡಿ ಬೆಳೆದೋಳು.

ಬೈಲಕುಪ್ಪೆಗೆ ರಜಕ್ಕೆ ಹೋಗ್ತೀಯಲ್ಲ, ಸೆರಾ ಮಠದಲ್ಲಿ ಸನ್ಯಾಸಿಗಳು ಊರು ಸೀಮೆ ಪ್ರಕಾರ ಬೇರೆ ಬೇರೆ ವಸತಿ ಮನೆ, ಅಂದ್ರೆ ಖಂಗ್ಸೆನ್‌ಗಳಲ್ಲಿ ಇರ್ತಾರೆ ಅಂತ ನಿಂಗೇ ನನಗಿಂತ ಚೆನ್ನಾಗಿ ಗೊತ್ತು. ಅಮ್ದೊ ಕಡೆಯ ಒಬ್ಬ ವಯಸ್ಸಾದ ಸನ್ಯಾಸೀನೋ, ಇಲ್ಲ ಆ ಕಡೆಯಿಂದ ಬಂದು ಕ್ಯಾಂಪಲ್ಲಿ ಅಂಗಡಿ ಇಟ್ಟಿರೋ ಹೆಂಗಸ್ರನ್ನೋ ಹುಡುಕು, ಒಂದು ಸಂಜೆ ಕೂತು ಬರೀ ಮನೆ ಮಾತು ಕೇಳ್ಕೋ, ಹೊಟ್ಟೆ ನೋವು ಅನ್ನೋದಕ್ಕೆ ಏನಂತಾರೆ, ಆಪರೇಷನ್ ಆಯ್ತಾ ಅನ್ನೋದಕ್ಕೆ ಏನಂತಾರೆ, ಅಷ್ಟೇ.

ಒಂದು ಎಚ್ಚರಿಕೆ ಮಾತ್ರ ಮರೀಬೇಡ. ಆ ಕಡೆಯ ಫೋನನ್ನ ಕೇಳಿಸ್ಕೊಳ್ಳೋರು ಇರ್ತಾರೆ, ಹೊರಗಿನೋರ ಜೊತೆ ಮಾತಾಡಿದ್ದಕ್ಕೇ ಅಲ್ಲಿ ಜನಕ್ಕೆ ತೊಂದ್ರೆ ಆಗಿರೋದು ಉಂಟು. ಅದಕ್ಕೆ ಮೈ ಹುಷಾರು, ಊಟ, ಹಿಮ ಬಿತ್ತಾ, ಯಾಕ್ ದನ ಎಷ್ಟಿವೆ, ಅಣ್ಣನ ಮಕ್ಕಳು ಎಷ್ಟು ದೊಡ್ಡೋರು, ಇಷ್ಟರಲ್ಲೇ ಇರ್ಲಿ. ದಲೈ ಲಾಮಾ ಹೆಸರಾಗ್ಲಿ ರಾಜಕೀಯ ಆಗ್ಲಿ ನಿನ್ನ ಬಾಯಿಂದ ಬರೋದು ಬೇಡ. ಕಾಲ್ ರೆಕಾರ್ಡ್ ಮಾಡಿ ಯಾವ ಗ್ರೂಪಿಗೂ ಹಾಕ್ಬೇಡ. ಅವಳು ಬೇರೆಯವ್ರ ನಂಬರಿಂದ ಮಾಡಿದಾಳೆ, ಅದಕ್ಕೆ ನೀನಾಗಿ ತಿರುಗಿ ಮಾಡ್ಬೇಡ, ಅವಳಿಂದ ಬರ್ಲಿ.

ನನ್ನ ಅಜ್ಜಿ ಮನೆ ಪಿರಿಯಾಪಟ್ಟಣದ ಹತ್ರ. ಜೋಳ ಮುರಿಯೋ ಕಾಲಕ್ಕೆ ಕೂಲಿಯವ್ರನ್ನ ಕೇಳ್ಕೊಂಡು ಕ್ಯಾಂಪಿಂದ ಒಬ್ರು ಮುದುಕಿ ನಮ್ಮನೆಗೆ ಬರ್ತಿದ್ರು, ಪಟ್ಟೆ ಪಟ್ಟೆ ಏಪ್ರನ್ನು, ಕೈಯಲ್ಲಿ ಜಪಮಣಿ. 1960ರಲ್ಲಿ ಆಗಿನ ಮೈಸೂರು ರಾಜ್ಯದ ಸರ್ಕಾರ ಅಲ್ಲಿ ಕಾಡು ಜಾಗ ಕೊಟ್ಟ ಮೇಲೆ ಮರ ಕಡಿದು ಆನೆ ಕಾಟದಲ್ಲಿ ಹೊಲ ಮಾಡ್ದೋರಲ್ಲಿ ಒಬ್ರು. ಜಗಲಿ ಮೇಲೆ ಕೂತು ಕಾಫಿ ಕುಡೀತಾ ನಂಗೆ ಊಟ ಆಯ್ತಾ ಮಗಾ ಅಂತ ಕೇಳೋರು, ನಮ್ಮ ಅಜ್ಜಿ ಮಕ್ಕಳೆಷ್ಟು ಅಂತ ಕೇಳಿದಾಗ ಎರಡು ಇಲ್ಲಿ ಅಂತ ನೆಲ ತೋರ್ಸಿ, ಒಂದು ಹುಡುಗಿ ಅಲ್ಲಿ ಅಂತ ಉತ್ತರದ ಕಡೆ ಕೈ ತೋರ್ಸಿದ್ರು. ಎಷ್ಟು ದೊಡ್ಡೋಳು ಅಂದ್ರೆ ಕೈಯನ್ನ ತಮ್ಮ ಮಂಡಿ ಹತ್ರ ಹಿಡಿದು ಇಷ್ಟು ಅಂದ್ರು. ನಾನು ನೋಡಿದ್ದು ಎಂಬತ್ತರ ದಶಕದಲ್ಲಿ, ಆ ಹುಡುಗಿಗೆ ಆಗ ಮೂವತ್ತು ಆಗಿರ್ಬೇಕು. ಆ ಕೈ ಮಾತ್ರ ಮಂಡಿ ಹತ್ರಾನೇ ನಿಂತಿತ್ತು, ಅಜ್ಜಿ ಒಳಗೆ ಹೋಗಿ ಬೆಲ್ಲ ತರೋ ನೆಪದಲ್ಲಿ ಸೆರಗಲ್ಲಿ ಕಣ್ಣೊರಸ್ಕೊಂಡಿದ್ದು ನಂಗೆ ಕಾಣಿಸ್ತು.

ನಿನ್ನ ಅಮ್ಮನೂ ಹಂಗೇ ಕೈ ಹಿಡಿದು ನಿಂತಿದಾಳೆ ಅನ್ಸತ್ತೆ. ಅವಳು ಫೋನಲ್ಲಿ ಅತ್ತಿದ್ದು ಎಂಟು ವರ್ಷದ ಹುಡುಗಿಗೆ. ನೈಟ್ ಡ್ಯೂಟಿ ಮುಗಿಸ್ಕೊಂಡು ಮಸಾಲೆ ದೋಸೆ ತಿನ್ನೋ, ಆರ್‌ಸಿ ಬುಕ್, ಅದೇ ಟಿಬೆಟಿಯನ್ನರ ನೋಂದಣಿ ಪುಸ್ತಕ, ರಿನ್ಯೂ ಮಾಡ್ಸೋಕೆ ಆಫೀಸ್ ಅಲೆಯೋ, ಕನ್ನಡದಲ್ಲಿ ಡಾಕ್ಟರ್ ಹತ್ರ ಜಗಳ ಆಡೋ ನರ್ಸಮ್ಮನ್ನ ಅವಳು ನೋಡೇ ಇಲ್ಲ. ನೀನೂ ಕೋಟು ಹೊಲಿದ ಹೆಂಗಸನ್ನ ಬಿಟ್ರೆ ಆಮೇಲಿನವಳನ್ನ ನೋಡಿಲ್ಲ. ಇಬ್ರಿಗೂ ಪರಿಚಯ ಇಲ್ಲ, ಪರಿಚಯ ಇಲ್ಲದೋರು ಮೊದಲ ಫೋನಲ್ಲೇ ತಬ್ಕೊಂಡು ಅಳೋಕೆ ಆಗಲ್ಲ. ಅದಕ್ಕೆ ಮಗಳ ಥರ ಮಾತಾಡ್ಬೇಕು ಅನ್ನೋ ಭಾರ ಇಳಿಸು, ನಾನು ನರ್ಸು, ಬೆಳಗ್ಗೆ ಇಷ್ಟೊತ್ತಿಗೆ ಏಳ್ತೀನಿ, ನಂಗೆ ಖಾರ ಇಷ್ಟ, ಹಿಂಗೆ ನಿನ್ನ ಪರಿಚಯ ಮಾಡ್ಕೊ.

ಸಿಟ್ಟನ್ನ ಏನ್ಮಾಡೋದು ಅಂದ್ರೆ, ಆ ಫೋನಲ್ಲಿ ಬೇಡ. ಕಾಯಿಲೆ ಮಲಗಿರೋಳ ಹತ್ರ, ಅದೂ ಬೇರೆಯವ್ರು ಕೇಳಿಸ್ಕೊಳ್ಳೋ ಲೈನಲ್ಲಿ, ಯಾಕೆ ಕಳಿಸಿದೆ ಅಂತ ಕೇಳಿದ್ರೆ ಅವಳು ನಿಜವಾದ ಉತ್ತರ ಕೊಡೋಕೂ ಆಗಲ್ಲ. ಹಂಗಂತ ಮತ್ತೆ ಹೂತಿಡಬೇಡ. ನಿನ್ನ ರೂಮ್‌ಮೇಟ್ ಈ ಪತ್ರ ಟೈಪ್ ಮಾಡಿದಾಳಲ್ಲ, ಆ ಹುಡುಗೀಗೆ ಹೇಳು, ಅವಳಿಗೆ ಆಗ್ಲೇ ಅರ್ಧ ಗೊತ್ತು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆಮೇಲೆ ಸ್ಕೂಲಿನ ನಿನ್ನ ಹೋಮ್ ಮದರ್, ಅದೇ ನಿಮ್ಮನ್ನ ಅಮ್ಮನ ಥರ ನೋಡ್ಕೊಂಡ ಆಮಾಲಾ, ಇನ್ನೂ ಇದ್ರೆ ಅವ್ರ ಹತ್ರ ಹೋಗು. 1960ರ ಮೇ ತಿಂಗಳಲ್ಲಿ ಧರ್ಮಶಾಲಾದಲ್ಲಿ ಇಂಥ ಟಿಬೆಟಿಯನ್ ಮಕ್ಕಳ ಮನೆಗಳು ಶುರುವಾಗಿದ್ದೇ ರಸ್ತೆ ಕೆಲ್ಸದ ಕ್ಯಾಂಪುಗಳಿಂದ ಬಂದ 51 ಮಕ್ಕಳಿಂದ, ಕಾಯಿಲೆ ಬಿದ್ದು ಹೊಟ್ಟೆಗಿಲ್ಲದೆ ಬಂದ ಮಕ್ಕಳು. ಅಂಥ ಮನೆಗಳಲ್ಲಿ ರಾತ್ರಿ ಹೊತ್ತು ಅಳದೇ ಕಣ್ಣು ಬಿಟ್ಕೊಂಡು ಮಲಗೋ ಮಕ್ಕಳನ್ನ ಆ ಆಮಾಲಾಗಳು ಎಷ್ಟು ನೋಡಿಲ್ಲ! ನೀನೂ ಹಂಗೆ ಮಲಗ್ತಿದ್ಯಾ ಅಂತ ಕೇಳ್ಕೊಂಡು ಬಾ.

ಈ ಸಲ ರಿಂಗ್ ಆದಾಗ ಡ್ಯೂಟೀಲಿದ್ರೆ ಪಕ್ಕದೋಳಿಗೆ ಹತ್ತು ನಿಮಿಷ ನೋಡ್ಕೋ ಅಂತ ಹೇಳಿ ಮೆಟ್ಟಿಲ ಹತ್ರ ಹೋಗಿ ಕೂತ್ಕೊ. ಎತ್ತಿ, ಆಮಾ, ಚೋ ದೆಮೋ ಅನ್ನು, ಅಮ್ಮಾ, ಚೆನ್ನಾಗಿದೀಯಾ ಅಂತ. ಅಮ್ದೊದಲ್ಲೇ ಅನ್ನು, ಸ್ಕೂಲಿನ ಭಾಷೇಲಿ ಬೇಡ. ಅವಳು ಅತ್ರೆ ಅಳ್ಲಿ, ನೀನು ಫೋನ್ ಹಿಡ್ಕೊಂಡಿರು, ಪೇಷೆಂಟ್ ಕಡೆಯವ್ರು ಅತ್ತಾಗ ಸುಮ್ನೆ ಪಕ್ಕದಲ್ಲಿ ನಿಂತಿರ್ತೀಯಲ್ಲ ಹಂಗೆ. ಆಮೇಲೆ ಕೋಟಿನ ಜೇಬಿನ ವಿಷಯ ಕೇಳು. ಎಂಟು ವರ್ಷದ ಮಗು ದಾರೀಲಿ ಕೈಗವಸು ತೆಗೀದೆ ಕೈ ಹಾಕೋಕಾಗ್ಲಿ ಅಂತ ಅಳತೆ ನೋಡಿ ಹೊಲಿದ್ಲಾ, ಯಾವ ದಾರ, ಎಷ್ಟು ಹೊತ್ತಾಯ್ತು, ಆಗ ನೀನು ಎದ್ದಿದ್ದ್ಯಾ ಮಲಗಿದ್ದ್ಯಾ. ಅದನ್ನ ಅವಳಷ್ಟು ಚೆನ್ನಾಗಿ ಹೇಳೋರು ಇನ್ಯಾರೂ ಇಲ್ಲ.